ಎಣ್ಣೆ ಕುಪ್ಪಿ ತೆಗೆಯುವ ಮೊದಲು

ಕಳೆದ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಒಂದು ಬುಟ್ಟಿಗೆ ಬೈರಾಸು ಮುಚ್ಚಿಕೊಂಡು ನಮ್ಮ ಜಗಲಿಗೆ ಬಂದರು. ಒಳಗೆ ಅವರ ಗಂಡು ಬೆಕ್ಕು.

"ಎರಡು ದಿನ ಆಯ್ತು ಮಾಷ್ಟ್ರೆ, ಇವನಿಗೆ ಕಕ್ಕ ಆಗ್ಲೇ ಇಲ್ಲ. ಮೂಲೆಯಲ್ಲಿ ಕೂತು ತಿಣುಕ್ತಾನೆ, ಕೂಗ್ತಾನೆ, ಎದ್ದು ಬರ್ತಾನೆ."

"ಏನಾದ್ರೂ ಕೊಟ್ರಾ ಅಕ್ಕ?"

"ತೆಂಗಿನೆಣ್ಣೆ ಕುಡಿಸಿದೆ. ನಿನ್ನೆ ಒಂದು ಚಮಚ, ಇವತ್ತು ಎರಡು."

ನಾನೂ ದೊಡ್ಡ ಜಾಣನಂತೆ ಇಸಬ್‌ಗೋಲ್ ನೆನೆಸಿ ಕೊಡಿ ಅಂದೆ. ಮೂವತ್ತು ವರ್ಷದಿಂದ ಬೆಕ್ಕು ನಾಯಿ ಸಾಕಿದವನು ಅನ್ನುವ ಧೈರ್ಯ. ಮಧ್ಯಾಹ್ನ ಬೆಕ್ಕು ಕಾರಿಕೊಂಡು ಸುಸ್ತಾಗಿ ಮಲಗಿಬಿಟ್ಟಿತು. ರಿಕ್ಷಾ ಹಿಡಿದು ಮೃಗಾಸ್ಪತ್ರೆಗೆ ಓಡಿದೆವು. ಡಾಕ್ಟರು ಅದರ ಹೊಟ್ಟೆಯ ಕೆಳಭಾಗಕ್ಕೆ ಮೆಲ್ಲಗೆ ಕೈ ಇಟ್ಟರು. ಒಳಗೆ ಕಿತ್ತಳೆಯಷ್ಟು ದೊಡ್ಡ ಗಟ್ಟಿ ಉಂಡೆ. ಅದು ಮಲವಲ್ಲ, ಮೂತ್ರದ ಚೀಲ. ಎರಡು ದಿನದಿಂದ ಕಟ್ಟಿ ನಿಂತಿದ್ದದ್ದು ಮೂತ್ರ. ನಾವು ಎಣ್ಣೆ ಹಾಕುತ್ತಿದ್ದದ್ದು ಬೇರೆಯೇ ದಾರಿಗೆ!

ಸಪೂರ ನಳಿಗೆ ಹಾಕಿ ಮೂತ್ರ ತೆಗೆದರು, ಬೆಕ್ಕು ಬದುಕಿತು. ಅವತ್ತಿನಿಂದ ಯಾರಾದರೂ "ಬೆಕ್ಕಿಗೆ ಮಲ ಕಟ್ಟಿದೆ, ಏನು ಕೊಡುವುದು?" ಅಂತ ಕೇಳಿದರೆ ನಾನು ಔಷಧ ಹೇಳುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಉಚ್ಚೆ ಹೊಯ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ?

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತುಂಬಾ ಸಪೂರ. ಮರಳಿನ ಹಾಗಿರುವ ಹರಳು, ಲೋಳೆ ಸೇರಿ ಮುದ್ದೆಯಾದರೆ ಸಾಕು, ಬಿರಡೆ ಹಾಕಿದಂತೆ ಮುಚ್ಚಿಹೋಗುತ್ತದೆ. ಆಗ ಬೆಕ್ಕು ಕೂರುವ ಭಂಗಿ, ತಿಣುಕುವ ರೀತಿ ಎಲ್ಲ ಮಲ ಕಟ್ಟಿದಾಗಿನ ಹಾಗೆಯೇ ಕಾಣುತ್ತದೆ. ಮತ್ತೆ ಮತ್ತೆ ಹೋಗಿ ಕೂರುವುದು, ಒಂದೆರಡು ಹನಿ ಬೀಳುವುದು ಅಥವಾ ಅದೂ ಇಲ್ಲದಿರುವುದು, ಮೂತ್ರ ಬರುವ ಜಾಗವನ್ನೇ ನೆಕ್ಕುತ್ತಾ ಇರುವುದು, ಮುಟ್ಟಿದರೆ ಕೂಗುವುದು – ಇದು ಕಂಡರೆ ರಾತ್ರಿಯಾದರೂ ಹೊರಡಬೇಕು. ಮೂತ್ರ ಹೊರಗೆ ಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. 24ರಿಂದ 48 ಗಂಟೆಯೊಳಗೆ ಪ್ರಾಣಕ್ಕೇ ಬರಬಹುದು. ಹೊಟ್ಟೆ ಒತ್ತಿ ನೋಡುವ ಕೆಲಸ ನಾವು ಮಾಡಬಾರದು, ತುಂಬಿದ ಚೀಲ ಒಡೆಯುವ ಭಯ ಇದೆ.

ಮೂತ್ರ ಸರಿ ಹೋಗುತ್ತಿದೆ ಅಂತ ಖಾತ್ರಿಯಾದ ಮೇಲೆ ಮಲದ ವಿಷಯ.

ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರುವುದು. ಮಲ ಅಲ್ಲಿ ಎಷ್ಟು ಹೊತ್ತು ಕೂರುತ್ತದೋ ಅಷ್ಟು ಒಣಗುತ್ತದೆ. ಒಣಗಿದ್ದನ್ನು ಹೊರಗೆ ತಳ್ಳುವುದು ಕಷ್ಟ, ನೋವು. ನೋವಾದರೆ ಪ್ರಾಣಿ ತಡೆದುಕೊಳ್ಳುತ್ತದೆ. ತಡೆದುಕೊಂಡರೆ ಇನ್ನೂ ಒಣಗುತ್ತದೆ. ಸುಲಭದಲ್ಲಿ ಬಿಡಿಸಲಾಗದ ಗಂಟು ಇದು. ಆಡಿನ ಹಿಕ್ಕೆಯಂಥ ಗಟ್ಟಿ ಗುಳಿಗೆಗಳು ಬೀಳತೊಡಗಿದರೆ ಇದು ಶುರುವಾಗಿದೆ ಅಂತ ಲೆಕ್ಕ. ಕೆಲವೊಮ್ಮೆ ಕಲ್ಲಿನಂಥ ಮಲದ ಬದಿಯಿಂದ ಸ್ವಲ್ಪ ನೀರು ನೀರಾಗಿ ಸೋರುತ್ತದೆ. ಅದನ್ನು ನೋಡಿ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮದ್ದು ಕೊಡುವವರಿದ್ದಾರೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಬೀಗ!

ಬೆಕ್ಕಿಗೆ ಈ ತೊಂದರೆ ಜಾಸ್ತಿ ಯಾಕೆ? ನಮ್ಮ ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕು. ಅದು ನೀರು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಬೇಟೆಯಿಂದಲೇ ನೀರು ಪಡೆಯುತ್ತಿತ್ತು. ಒಂದು ಇಲಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಹಾಗಾಗಿ ಇವತ್ತಿಗೂ ಬೆಕ್ಕಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಹುಟ್ಟಿದರೂ ಅದರ ಮೂತ್ರಪಿಂಡ ಮರುಭೂಮಿಯದ್ದೇ.

ಈಗ ಒಂದು ಸಣ್ಣ ಲೆಕ್ಕ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಎಲ್ಲ ಸೇರಿ ಸುಮಾರು 200 ಮಿಲಿಲೀಟರ್ ನೀರು ಬೇಕು. ಪ್ಯಾಕೆಟಿನ ಒಣ ಆಹಾರದಲ್ಲಿ ನೀರಿನ ಪಾಲು ನೂರಕ್ಕೆ ಹತ್ತೋ ಅದಕ್ಕಿಂತ ಕಮ್ಮಿಯೋ. 60 ಗ್ರಾಂ ಒಣ ಆಹಾರ ತಿಂದರೆ ಬರುವುದು ಹೆಚ್ಚೆಂದರೆ ಆರು ಮಿಲಿಲೀಟರ್. ಉಳಿದ ಸುಮಾರು 190 ಕುಡಿಯಬೇಕು. ಎಷ್ಟೋ ಬೆಕ್ಕುಗಳು ಅಷ್ಟು ಕುಡಿಯುವುದೇ ಇಲ್ಲ. ಡಬ್ಬಿಯಲ್ಲಿ ಬರುವ ಹಸಿ ಆಹಾರದಲ್ಲಿ ನೀರು ನೂರಕ್ಕೆ 75-80 ಇರುತ್ತದೆ, ಬೇಯಿಸಿದ ಬೂತಾಯಿ ಮೀನಿನಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ತಾಪತ್ರಯ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ, ಕೇರಳದಲ್ಲಿ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ತಾಜಾ ಮೀನು ಕಮ್ಮಿ, ರೇಟು ಜಾಸ್ತಿ. ಮನೆಗೆ ಒಣಮೀನು ಬರುತ್ತದೆ, ತಲೆ ಮತ್ತು ಮುಳ್ಳು ಬೆಕ್ಕಿಗೆ. ಉಪ್ಪು ತುಂಬಿದ, ನೀರಿಲ್ಲದ, ಬರೀ ಮುಳ್ಳಿನ ಊಟ ಅದು. ಮೀನು ತಿನ್ನದ ಮನೆಯ ಬೆಕ್ಕು ಹಾಲನ್ನ ತಿಂದು, ಉಳಿದದ್ದನ್ನು ತೋಟದ ಇಲಿಯಲ್ಲಿ ಸರಿಮಾಡಿಕೊಳ್ಳುತ್ತದೆ. ಅದು ಒಂದು ಲೆಕ್ಕದಲ್ಲಿ ವಾಸಿ. (ಇಲಿ ಸಿಗದೆ ಬರೀ ಹಾಲನ್ನ ಆದರೆ ಬೇರೆ ತೊಂದರೆ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಅನ್ನದಲ್ಲಿಲ್ಲ. ಅದು ಕಮ್ಮಿಯಾದರೆ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ.)

ಮಳೆಯದ್ದೇ ಇನ್ನೊಂದು ಕತೆ. ನಮ್ಮ ನಾಯಿ ಕಾಳು ದಿನಾ ಅಂಗಳ ದಾಟಿ ಅಡಿಕೆ ತೋಟದ ಬದಿಗೆ ಹೋಗುವವನು. ಜಡಿಮಳೆ ಶುರುವಾದರೆ ಜಗಲಿಯ ಮೆಟ್ಟಿಲಿಗೆ ಬಂದು ಒಂದು ಕಾಲು ಹೊರಗಿಟ್ಟು, ಪಾದ ಕೊಡವಿ, ನನ್ನ ಮುಖ ನೋಡಿ ವಾಪಸ್ ಗೋಣಿಯ ಮೇಲೆ ಮಲಗುತ್ತಾನೆ. ಹಾಗೆಯೇ ಒಂದೂವರೆ ದಿನ ತಡೆದುಕೊಂಡದ್ದೂ ಉಂಟು. ಬೆಕ್ಕು ಇನ್ನೂ ಹಟಮಾರಿ. ಒದ್ದೆ ಮಣ್ಣಲ್ಲಿ ಕೆರೆಯಲು ಅದಕ್ಕೆ ಆಗುವುದಿಲ್ಲ. ಇದಕ್ಕೆ ಮದ್ದು ಬೇಡ, ಮಾಡು (ಸೂರು) ಬೇಕು. ನಾಯಿಗೆ ಕೊಟ್ಟಿಗೆಯ ಬದಿಯಲ್ಲಿ ನೆನೆಯದ ಒಂದು ಮೂಲೆ, ಬೆಕ್ಕಿಗೆ ಒಣ ಮರಳು ಅಥವಾ ಮರದ ಹುಡಿ ಹಾಕಿದ ಅಗಲದ ಟಬ್ಬು. ಬೆಕ್ಕು ಎಷ್ಟಿದೆಯೋ ಅದಕ್ಕಿಂತ ಒಂದು ಟಬ್ಬು ಜಾಸ್ತಿ ಇಡಬೇಕು ಅನ್ನುತ್ತಾರೆ. ಇನ್ನೊಂದು ಬೆಕ್ಕಿನ ವಾಸನೆ ಇದ್ದಲ್ಲಿ ಕೂರದ ಬೆಕ್ಕುಗಳಿವೆ.

ನಾಯಿಯ ಕಾರಣಗಳು ಬಹಳ ಮಟ್ಟಿಗೆ ಬೇರೆ. ಮೊದಲನೆಯದು ಎಲುಬು. ಆದಿತ್ಯವಾರ ಕೋಳಿ ಮಾಡಿದ ಮನೆಯ ನಾಯಿ ಮಂಗಳವಾರ ತಿಣುಕುತ್ತದೆ. ಮಲ ಬಿಳಿಯಾಗಿ, ಒತ್ತಿದರೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಅದು ಎಲುಬಿನ ಸುಣ್ಣಾಂಶವೇ. ಬೇಯಿಸಿದ ಎಲುಬು ಚೂಪಾಗಿ ಸೀಳುವುದರಿಂದ ಕರುಳಿಗೆ ಚುಚ್ಚುವ ಭಯವೂ ಇದೆ. ಎರಡನೆಯದು ನಾಯಿ ಬಾಯಿಗೆ ಹಾಕುವ ಹಾಳುಮೂಳು: ತೆಂಗಿನ ಸಿಪ್ಪೆಯ ನಾರು, ಮಾವಿನ ಗೊರಟು, ಇಡೀ ನುಂಗಿದ ಹಲಸಿನ ಬೀಜ. ಗೊರಟು ಕರುಳಲ್ಲಿ ಸಿಕ್ಕಿಬಿದ್ದರೆ ಅದು ಮಲಬದ್ಧತೆ ಅಲ್ಲ, ಪೂರ್ತಿ ತಡೆ. ಮತ್ತೆ ಮತ್ತೆ ವಾಂತಿ, ಊಟ ಬೇಡ, ಹೊಟ್ಟೆನೋವು. ಆಗ ಮನೆಮದ್ದು ಕೊಟ್ಟರೆ ಕೆಡುಕೇ.

ಬೀಜ ತೆಗೆಸದ, ವಯಸ್ಸಾದ ಗಂಡು ನಾಯಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮಲದ ದಾರಿಯನ್ನು ಮೇಲಿನಿಂದ... ಅಲ್ಲ, ಅದು ಇರುವುದು ಗುದನಾಳದ ಕೆಳಗೆ, ಕೆಳಗಿನಿಂದ ಒತ್ತುತ್ತದೆ. ಮಲ ರಿಬ್ಬನ್ನಿನ ಹಾಗೆ ಚಪ್ಪಟೆಯಾಗಿ ಬರಬಹುದು. ಬೀಜ ತೆಗೆಸಿದರೆ ಗ್ರಂಥಿ ಕುಗ್ಗುತ್ತದೆ. ಪೊಮೆರೇನಿಯನ್, ಶಿಟ್ಜುವಿನಂಥ ಉದ್ದ ಕೂದಲಿನ ನಾಯಿಗಳ ಸಮಸ್ಯೆಯಂತೂ ಕೆಲವೊಮ್ಮೆ ಹೊರಗೇ ಇರುತ್ತದೆ: ಗುದದ ಸುತ್ತ ಕೂದಲು ಜಡೆಗಟ್ಟಿ, ಮಲ ಅಂಟಿ ಒಣಗಿ, ದಾರಿಯೇ ಮುಚ್ಚಿರುತ್ತದೆ. ಬಾಲ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಬಿಸಿನೀರಿನ ಬಟ್ಟೆಯಿಂದ ನೆನೆಸಿ, ಜಾಗ್ರತೆಯಿಂದ ಟ್ರಿಮ್ಮರಿನಲ್ಲಿ ಕೂದಲು ತೆಗೆದರೆ ಆಯಿತು. ಕತ್ತರಿ ಬೇಡ, ಚರ್ಮ ಸಿಕ್ಕಿಬಿಡುತ್ತದೆ. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋದರೆ ಅದು ಸಾಮಾನ್ಯವಾಗಿ ಗುದದ ಎರಡು ಬದಿಯ ವಾಸನೆ ಚೀಲ ತುಂಬಿದ ಲಕ್ಷಣ.

ಇನ್ನು ಎಣ್ಣೆ. ನಮ್ಮಲ್ಲಿ ತೆಂಗಿನೆಣ್ಣೆ ತಲೆಗೆ, ಬಾಣಲೆಗೆ, ಗಾಯಕ್ಕೆ, ದೇವರ ದೀಪಕ್ಕೆ. ಬೆಕ್ಕಿನ ಹೊಟ್ಟೆಗೂ ಅಂದರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಆದರೆ ತೆಂಗಿನೆಣ್ಣೆ ಆಹಾರ. ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಮಲ ಕಟ್ಟಿದ ಜಾಗಕ್ಕೆ ಜಾರುಬಂಡಿಯಾಗಿ ತಲುಪುವುದೇ ಇಲ್ಲ. ಜಾಸ್ತಿ ಕೊಟ್ಟರೆ ಭೇದಿ ಆಗಬಹುದು, ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಲಿಕ್ವಿಡ್ ಪ್ಯಾರಫಿನ್ ಅನ್ನುವ ಖನಿಜ ಎಣ್ಣೆ ಜೀರ್ಣವಾಗುವುದಿಲ್ಲ, ಆ ಮಟ್ಟಿಗೆ ಅದು ಕರುಳಲ್ಲಿ ಜಾರುತ್ತದೆ ನಿಜ. ಆದರೆ ಅದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬಾಯಿಗೆ ಸುರಿದರೆ ಬೆಕ್ಕಿಗೆ ನುಂಗಬೇಕು ಅನ್ನುವುದೇ ಹೊಳೆಯದೆ ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಆ ಎಣ್ಣೆಯಿಂದ ಬರುವ ನ್ಯುಮೋನಿಯಾ ವಾಸಿಮಾಡುವುದು ಬಹಳ ಕಷ್ಟ. ನಾನೊಮ್ಮೆ ಬೆಕ್ಕಿನ ತಲೆ ಹಿಂದಕ್ಕೆ ಬಗ್ಗಿಸಿ ಎಣ್ಣೆ ಹೊಯ್ದು, ಅದು ಕೆಮ್ಮಿ ಒದ್ದಾಡಿದ್ದನ್ನು ನೋಡಿದ ಮೇಲೆ ಆ ಕೆಲಸ ಬಿಟ್ಟೆ.

ಇದಕ್ಕಿಂತ ದೊಡ್ಡ ಅಪಾಯ ಮೆಡಿಕಲ್ ಶಾಪಿನ ಫಾಸ್ಫೇಟ್ ಎನಿಮಾ (ಗುದದ ಮೂಲಕ ಒಳಗೆ ಬಿಡುವ ಮದ್ದು). ಮನುಷ್ಯರಿಗೆ ಮಾಮೂಲು. ಬೆಕ್ಕಿಗೆ ಮತ್ತು ಸಣ್ಣ ನಾಯಿಗೆ ಪ್ರಾಣಾಂತಕ. ಕರುಳಿನಿಂದ ಫಾಸ್ಫೇಟ್ ಒಂದೇ ಸಮನೆ ರಕ್ತಕ್ಕೆ ನುಗ್ಗಿ, ಕ್ಯಾಲ್ಸಿಯಂ ಕುಸಿದು, ಸೆಳೆತ ಬರುತ್ತದೆ. ಸೋಪುನೀರು ಬಿಡುವುದೂ ಬೇಡ. ಎನಿಮಾ ಬೇಕಾದರೆ ಡಾಕ್ಟರೇ ಕೊಡಲಿ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಒಂದು ದಿನ ಆಗಲಿಲ್ಲ, ಆದರೆ ಚುರುಕಾಗಿದೆ, ಊಟ ಮಾಡುತ್ತಿದೆ, ವಾಂತಿ ಇಲ್ಲ ಅಂದರೆ ಮೊದಲ ಮದ್ದು ನೀರು. ಮೀನನ್ನೋ ಕೋಳಿಯನ್ನೋ ಬರೀ ನೀರಲ್ಲಿ ಬೇಯಿಸಿ, ಆ ನೀರಿನ ಸಮೇತ ಕೊಡಿ. ನಮ್ಮ ಸಾರಿನ ಪಾತ್ರೆಯಿಂದ ತೆಗೆಯಬೇಡಿ. ಉಪ್ಪು ಖಾರ ಹಾಗಿರಲಿ, ನೀರುಳ್ಳಿ ಬೆಳ್ಳುಳ್ಳಿ ಬೆಕ್ಕು ನಾಯಿಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ ಇಡಿ. ಮೀಸೆ ತಾಗದಷ್ಟು ಅಗಲ ಇದ್ದರೆ ಒಳ್ಳೆಯದು.

ಆಮೇಲೆ ನಾರು. ಬೇಯಿಸಿ ಕಿವುಚಿದ ಚೀನಿಕಾಯಿ (ಸಿಹಿಗುಂಬಳ) ನನ್ನ ಮೆಚ್ಚಿನದು. ಬೆಕ್ಕಿಗೆ ಒಂದೆರಡು ಸಣ್ಣ ಚಮಚ, ಮಧ್ಯಮ ಗಾತ್ರದ ನಾಯಿಗೆ ಒಂದೆರಡು ದೊಡ್ಡ ಚಮಚ, ಊಟದಲ್ಲಿ ಬೆರೆಸಿ. ಇಸಬ್‌ಗೋಲ್ ಆದರೆ ಬೆಕ್ಕಿಗೆ ಕಾಲು ಚಮಚದಿಂದ ಶುರು ಮಾಡಿ, ಚೆನ್ನಾಗಿ ನೀರಲ್ಲಿ ನೆನೆದು ಉಬ್ಬಿದ ಮೇಲೆ ಮಾತ್ರ. ಒಣಗಿದ್ದನ್ನು ಕೊಟ್ಟರೆ ಅದು ಕರುಳಿನ ನೀರನ್ನೇ ಹೀರುತ್ತದೆ. ಮೊದಲೇ ನೀರು ಕಮ್ಮಿಯಾದ ಪ್ರಾಣಿಗೆ, ಕರುಳು ಹಿಗ್ಗಿ ಸಡಿಲವಾದ ಬೆಕ್ಕಿಗೆ ನಾರು ಉಪಕಾರವಲ್ಲ, ಹೊರೆ. ಹಾಲು ಕುಡಿಸಿ ಭೇದಿ ಮಾಡಿಸುವ ಉಪಾಯವೂ ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ ಅಷ್ಟೆ.

ಎರಡು ದಿನ ದಾಟಿದರೆ ಡಾಕ್ಟರ ಹತ್ತಿರ ಹೋಗಬೇಕು. ಅವರು ಹೆಚ್ಚಾಗಿ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಇದೊಂದು ಸಕ್ಕರೆ, ಆದರೆ ಪ್ರಾಣಿಯ ದೇಹಕ್ಕೆ ಅರಗದ್ದು. ದೊಡ್ಡ ಕರುಳಿಗೆ ಹಾಗೆಯೇ ಹೋಗಿ ನೀರನ್ನು ತನ್ನ ಕಡೆ ಎಳೆದುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಅಳತೆ ತೂಕದ ಮೇಲೆ, ಅವರು ಹೇಳಿದಷ್ಟೇ. ಮುದಿ ಬೆಕ್ಕಿಗೆ ಪದೇಪದೇ ಹೀಗಾದರೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಮೂತ್ರಪಿಂಡ ಸೋತರೆ ಮೈಯ ನೀರು ಮೂತ್ರದಲ್ಲೇ ಹೋಗಿಬಿಡುತ್ತದೆ, ಮಲ ಒಣಗುತ್ತದೆ. ಹಿಂದೆ ಯಾವಾಗಲೋ ವಾಹನ ಬಡಿದು ಸೊಂಟದ ಎಲುಬು ಮುರಿದು ತಾನಾಗಿ ಕೂಡಿಕೊಂಡ ಬೆಕ್ಕಿಗೆ ದಾರಿಯೇ ಇಕ್ಕಟ್ಟಾಗಿರಬಹುದು, ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ.

ಇನ್ನು ಬೆಕ್ಕು ಕಾರುವ ಕೂದಲುಂಡೆಗೆ ಬರೋಣ. ಬೆಳಗಿನ ಜಾವ ಕೆಂಪು ನೆಲದ ಮೇಲೆ ಬರಿಗಾಲಿಟ್ಟಾಗ ಏನೋ ತಣ್ಣಗೆ ಒದ್ದೆಯಾಗಿ ಮೆತ್ತಗೆ ಸಿಗುತ್ತದಲ್ಲ, ಅದೇ. ಲೈಟು ಹಾಕಿ ನೋಡಿದರೆ ಬೆರಳುದ್ದದ, ಹೊಸೆದ ಬತ್ತಿಯಂಥ ವಸ್ತು. ಉಂಡೆ ಅನ್ನುತ್ತೇವೆ, ನಿಜಕ್ಕೂ ಅದು ಉದ್ದಕ್ಕೆ ಇರುತ್ತದೆ. ಅನ್ನನಾಳದ ಮೂಲಕ ಹಿಂಡಿ ಬರುವಾಗ ಆ ಆಕಾರ ಬರುತ್ತದೆ.

ಬೆಕ್ಕಿನ ನಾಲಿಗೆ ಒರಟು ಅಂತ ನೆಕ್ಕಿಸಿಕೊಂಡವರಿಗೆಲ್ಲ ಗೊತ್ತು. ಅದರ ಮೇಲೆ ಸುಮಾರು ಮುನ್ನೂರು ಸಣ್ಣ ಮುಳ್ಳುಗಳಿವೆ, ಎಲ್ಲ ಗಂಟಲಿನ ಕಡೆಗೆ ಬಾಗಿದವು. ಈ ಮುಳ್ಳುಗಳ ತುದಿ ಟೊಳ್ಳು, ಪುಟ್ಟ ಸೌಟಿನ ಹಾಗೆ, ಅದರಲ್ಲಿ ಜೊಲ್ಲು ತುಂಬಿಕೊಂಡು ಕೂದಲಿನ ಬುಡಕ್ಕೆ ತಲುಪುತ್ತದೆ ಅಂತ 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ತೋರಿಸಿದರು. ಬಾಚಣಿಗೆ ಮತ್ತು ಸ್ನಾನ ಎರಡೂ ಒಂದೇ ನಾಲಿಗೆಯಲ್ಲಿ. ತೊಂದರೆ ಏನೆಂದರೆ ಮುಳ್ಳುಗಳು ಒಳಕ್ಕೆ ಬಾಗಿರುವುದರಿಂದ ಸಿಕ್ಕಿದ ಕೂದಲನ್ನು ಉಗುಳಲು ಬರುವುದಿಲ್ಲ. ನುಂಗಲೇಬೇಕು. ಕೂದಲು ಉಗುರಿನ ಜಾತಿಯದ್ದೇ ಪದಾರ್ಥ, ಹೊಟ್ಟೆಯ ಆಮ್ಲಕ್ಕೆ ಕರಗುವುದಿಲ್ಲ.

ಆದರೂ ಹೆಚ್ಚಿನ ಕೂದಲು ಮಲದಲ್ಲಿ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಅಲ್ಲಲ್ಲಿ ಉಳಿದದ್ದು ಮಾತ್ರ ಹೆಣೆದುಕೊಳ್ಳುತ್ತದೆ. ನಾಯಿಯ ಹೊಟ್ಟೆ ಖಾಲಿ ಇರುವಾಗ ಆಗಾಗ ಒಂದು ಬಲವಾದ ಅಲೆ ಎದ್ದು ಉಳಿದುಬಳಿದದ್ದನ್ನೆಲ್ಲ ಗುಡಿಸಿ ಮುಂದಕ್ಕೆ ತಳ್ಳುತ್ತದೆ. ಬೆಕ್ಕಿನಲ್ಲಿ ಆ ಗುಡಿಸುವ ಅಲೆ ಅಷ್ಟು ಗಟ್ಟಿ ಇಲ್ಲ. ನಾಯಿ ಕೂದಲುಂಡೆ ಕಾರುವುದು ಅಪರೂಪ ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ. ದನ ಸಾಕಿದವರಿಗೆ ಕರುಗಳ ಹೊಟ್ಟೆಯ ಕೂದಲುಂಡೆ ಗೊತ್ತಿರುತ್ತದೆ, ಅದೂ ನೆಕ್ಕಿ ನೆಕ್ಕಿಯೇ ಆದದ್ದು.

ಯಾವಾಗಲೋ ಒಮ್ಮೆ ಉಂಡೆ ಬಂದರೆ ಒರೆಸಿ ಬಿಟ್ಟುಬಿಡಿ. ವಾರ ವಾರ ಬರುತ್ತಿದ್ದರೆ ತಪ್ಪು ಕೂದಲಿನದಲ್ಲ. ಚಿಗಟ ಕಚ್ಚಿ ಜಾಸ್ತಿ ನೆಕ್ಕುತ್ತಿರಬಹುದು, ಚರ್ಮಕ್ಕೆ ಅಲರ್ಜಿ ಇರಬಹುದು, ಕರುಳಿನಲ್ಲೇ ಊತ ಇರಬಹುದು. ನಮ್ಮ ಮಳೆಗಾಲದ ತೇವದಲ್ಲಿ ಚಿಗಟಕ್ಕೆ ಸುಗ್ಗಿ. ನಾಯಿಗೆ ಹಾಕುವ ಚಿಗಟದ ಮದ್ದನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು.

ಉಂಡೆಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಬಾಚಣಿಗೆ. ನಾವು ಬಾಚಿ ತೆಗೆದ ಕೂದಲು ಹೊಟ್ಟೆಗೆ ಹೋಗುವುದಿಲ್ಲ, ಇಷ್ಟು ಸುಲಭದ ಲೆಕ್ಕ. ಊರ ಬೆಕ್ಕಿಗೆ ವಾರಕ್ಕೆ ಒಂದೆರಡು ಸಲ, ಪರ್ಷಿಯನ್ನಿಗೆ ದಿನಾ. ಅಂಗಡಿಯಲ್ಲಿ ಸಿಗುವ ಹೇರ್‌ಬಾಲ್ ಪೇಸ್ಟ್ ಅನ್ನು ಬಾಯಿಗೆ ತುರುಕದೆ, ಮುಂಗಾಲಿಗೆ ಸವರಿದರೆ ಬೆಕ್ಕೇ ನೆಕ್ಕಿಕೊಳ್ಳುತ್ತದೆ. ಹುಲ್ಲು ತಿನ್ನುವುದನ್ನು ತಡೆಯಬೇಡಿ, ಹುಲ್ಲು ತಿಂದ ಬೆಕ್ಕೆಲ್ಲ ಕಾರುವುದೂ ಇಲ್ಲ. ತೋಟಕ್ಕೆ ಕಳೆನಾಶಕ ಬಿಟ್ಟಿದ್ದರೆ ಮಾತ್ರ ಆ ಕಡೆ ಬಿಡಬೇಡಿ.

ಓಕರಿಸಿದ್ದೆಲ್ಲ ಕೂದಲುಂಡೆ ಅಲ್ಲ. ಉಂಡೆ ಬರುವಾಗ ಹೊಟ್ಟೆ ಎಳೆಯುತ್ತದೆ, ಕೊನೆಗೆ ಏನಾದರೂ ಹೊರಗೆ ಬೀಳುತ್ತದೆ. ಮೈ ನೆಲಕ್ಕೆ ತಗ್ಗಿಸಿ, ಕುತ್ತಿಗೆ ಮುಂದಕ್ಕೆ ಚಾಚಿ, ಗೊರಗೊರ ಅಂದು, ಏನೂ ಬೀಳದೆ ಸುಮ್ನೆ ಎದ್ದು ಹೋದರೆ ಅದು ಕೆಮ್ಮು, ಅಸ್ತಮಾ ಇರಬಹುದು. ಬಚ್ಚಲಿನ ಒಲೆಯ ಬೆಚ್ಚನೆ ಬೂದಿ ಬದಿಯಲ್ಲಿ ಮಲಗುವ ಬೆಕ್ಕುಗಳಿಗೆ ಹೊಗೆ, ಬೂದಿ, ಸೊಳ್ಳೆಬತ್ತಿ ಎಲ್ಲ ಸೇರಿ ಇದು ಜೋರಾಗುತ್ತದೆ.

ಕೊನೆಯದಾಗಿ ನೂಲು. ನಮ್ಮ ಕಡೆ ಎಷ್ಟೋ ಮನೆಗಳ ಜಗಲಿಯಲ್ಲಿ ಬೀಡಿ ಕಟ್ಟುತ್ತಾರೆ. ಬೆಕ್ಕಿಗೆ ಅದರ ನೂಲು ಅಂದರೆ ಆಟ, ಆಟದಲ್ಲೇ ನುಂಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗೆ ಇಳಿದರೆ, ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟುವ ಹಾಗೆ ಕರುಳು ನೂಲಿನ ಮೇಲೆ ಮುದುಡುತ್ತದೆ, ನೂಲು ಅದನ್ನು ಕೊಯ್ಯುತ್ತದೆ. ಬಾಯಲ್ಲೋ ಬಾಲದ ಕೆಳಗೋ ನೂಲು ನೇತಾಡುವುದು ಕಂಡರೆ ಎಳೆಯಲೇಬೇಡಿ. ಕತ್ತರಿಸಲೂ ಬೇಡಿ. ಹಾಗೆಯೇ ಕರೆದುಕೊಂಡು ಹೋಗಿ.

ಹೋಗುವಾಗ ಬಿದ್ದ ಮಲವನ್ನೋ ಉಂಡೆಯನ್ನೋ ಒಂದು ಕವರಿನಲ್ಲಿ ಹಾಕಿಕೊಳ್ಳಿ, ತಿಣುಕುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರು ತೆಂಕಣದ ಮಲಯಾಳಿಗಳಾದರೆ ನಮ್ಮ ಕನ್ನಡ ಅವರಿಗೆ ಬರುವುದಿಲ್ಲ. ಮಲಬಂಧ ಅಂದರೆ ಹೇಗೂ ಗೊತ್ತಾಗುತ್ತದೆ. ಮಲಯಾಳದಲ್ಲಿ ವಾಂತಿಗೆ ಛರ್ದಿ, ಕೆಮ್ಮಿಗೆ ಚುಮ, ಮೂತ್ರ ಕಟ್ಟಿದ್ದಕ್ಕೆ ಮೂತ್ರತಡಸ್ಸಂ. ತುಳುವಿನ ಪುಚ್ಚೆ ಅಂದರೂ ಮಲಯಾಳದ ಪೂಚ್ಚ ಅಂದರೂ ಬೆಕ್ಕೇ.

ಪಕ್ಕದ ಮನೆಯ ಬೆಕ್ಕು ಈಗ ದಪ್ಪಗಾಗಿದೆ. ಅಕ್ಕ ಮೂರು ಕಡೆ ಇಟ್ಟ ಬಟ್ಟಲಿನ ನೀರು ಅದಕ್ಕೆ ಬೇಡ, ಬಾವಿಕಟ್ಟೆಯ ಬಕೆಟಿನದ್ದೇ ಆಗಬೇಕು. ಆ ಬಕೆಟಿನಲ್ಲಿ ಈಗ ಅವರು ಬಟ್ಟೆ ನೆನೆಸುವುದಿಲ್ಲ.